ಕಾಶೀಬಾಯಿ ಮೇಡಂ ಮತ್ತು ಅಂಬಲಿಯ ಮಾತು

ಕಾಶೀಬಾಯಿ ಮೇಡಂ ಯಾರನ್ನಾದರೂ ಬೈದದ್ದನ್ನು ನಾನು ಕೇಳಿಲ್ಲ. ಬೈಸಿಕೊಳ್ಳುವುದಕ್ಕೂ ಎದುರಿನವರಿಗೆ ಒಂದಿಷ್ಟು ಯೋಗ್ಯತೆ ಬೇಕು ಎಂದು ಅವರು ನಂಬಿದ್ದರು. ಯಾರಾದರೂ ಓದದೆ ಮಾತಾಡತೊಡಗಿದರೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಲು ಶುರು ಮಾಡುತ್ತಿದ್ದರು. ಗಾಜು ಸ್ವಚ್ಛವಾದ ಮೇಲೂ ಒರೆಸುತ್ತಲೇ ಇರುತ್ತಿದ್ದರು. ಆ ಮಾತು ಮುಗಿಯುವ ತನಕ ಕನ್ನಡಕ ಮತ್ತೆ ಮೂಗಿನ ಮೇಲೆ ಏರುತ್ತಿರಲಿಲ್ಲ. ನೋಡುವಂಥದ್ದು ಎದುರಿಗೆ ಏನೂ ಇಲ್ಲ ಎಂದು ಅದರ ಅರ್ಥ. ನಮ್ಮ ಪ್ರಿನ್ಸಿಪಾಲರು ಸ್ವಾಗತ ಭಾಷಣಕ್ಕೆ ನಿಂತಾಗಲೆಲ್ಲ ಮೇಡಂ ಮೊದಲ ಸಾಲಿನಲ್ಲಿ ಕೂತು ಕನ್ನಡಕ ಒರೆಸುತ್ತಿದ್ದರು. ಪ್ರಿನ್ಸಿಪಾಲರು ಅದನ್ನು ಕಣ್ಣಿನ ತೊಂದರೆ ಎಂದು ತಿಳಿದು, ಒಮ್ಮೆ ಒಳ್ಳೆಯ ಡಾಕ್ಟರ ವಿಳಾಸ ಕೊಟ್ಟಿದ್ದರು.

ವಿಜಯಪುರದಿಂದ ತೊರವಿಯ ಕಡೆಗೆ ಹೋಗುವಾಗ ಸಿಗುವ ಕಾಲೇಜೊಂದರಲ್ಲಿ ಮೇಡಂ ಇತಿಹಾಸ ಕಲಿಸುತ್ತಿದ್ದರು. ಊರು ಘೋಣಸಗಿ. ಮನೆತನ ದ್ರಾಕ್ಷಿ ಬೆಳೆಯುವ ಗೌಡರದು. ಧಾರವಾಡದಲ್ಲಿ ಎಂ.ಎ. ಮುಗಿಸಿದ ಹುಡುಗಿ ಮದುವೆ ಬಿಟ್ಟು ಕೇರಳದ ಕೊಟ್ಟಾಯಂಗೆ ಹೋಗಿ, ಅಲ್ಲಿಯ ಹಳೆಯ ಚರ್ಚುಗಳ ಸಿರಿಯಾಕ್ ಭಾಷೆ ಕಲಿಯಲು ಕೂತಾಗ ಮನೆಯವರು ಅದು ಕಂಪ್ಯೂಟರಿನ ಯಾವುದೋ ಕೋರ್ಸು ಎಂದುಕೊಂಡಿದ್ದರಂತೆ. ಸಿರಿಯಾ, ಇಥಿಯೋಪಿಯಾ, ಚೀನಾ, ಕೇರಳ, ನಮ್ಮ ಬಯಲುಸೀಮೆ, ಒಂದೊಂದು ನೆಲಕ್ಕೆ ಬಂದಾಗಲೂ ಕ್ರೈಸ್ತ ಧರ್ಮ ಹೇಗೆ ಆ ನೆಲದ ಮಾತು, ಊಟ, ಜಾತಿಗಳನ್ನು ಹೊದ್ದುಕೊಂಡಿತು ಎಂಬುದು ಅವರ ಅಭ್ಯಾಸದ ವಿಷಯ. "ಹೆಸರು ಕಾಶೀಬಾಯಿ, ಓದೂದು ಕಿರಸ್ತಾನರ ಪುರಾಣ" ಎಂಬುದು ಸ್ಟಾಫ್ ರೂಮಿನ ಜೋಕು. ಹೊಸದಾಗಿ ಬಂದ ಪ್ರತಿಯೊಬ್ಬ ಲೆಕ್ಚರರನೂ ಅದನ್ನು ತಾನೇ ಕಂಡುಹಿಡಿದವನಂತೆ ಹೇಳುತ್ತಿದ್ದ. ಬುದ್ಧಿವಂತಿಕೆಯ ವಿಷಯದಲ್ಲಿ ನಮ್ಮ ಸ್ಟಾಫ್ ರೂಮು ಬಹಳ ಮಿತವ್ಯಯಿ.

ಎಂ.ಎ. ಮೊದಲ ತರಗತಿಯಲ್ಲಿ ಅವರು ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ. "ಕ್ರೈಸ್ತ ಧರ್ಮ ಯಾವ ದೇಶದಿಂದ ಬಂತು?"

"ಇಂಗ್ಲೆಂಡಿನಿಂದ್ರಿ ಮೇಡಂ" ಎಂದ ಹಿಂದಿನ ಬೆಂಚಿನ ಒಬ್ಬ. ಉಳಿದವರೆಲ್ಲ ತಲೆ ಆಡಿಸಿದೆವು.

ಕನ್ನಡಕ ಕೆಳಗಿಳಿಯಿತು. ಒರೆಸುತ್ತಾ ಒರೆಸುತ್ತಾ ಹೇಳಿದರು: "ಇಥಿಯೋಪಿಯಾದ ರಾಜ ಯೇಸುಗ ಕೈ ಮುಗಿಯೂ ಹೊತ್ತಿಗೆ ಇಂಗ್ಲೆಂಡ್ ಅನ್ನೂ ಹೆಸರ ಹುಟ್ಟಿರಲಿಲ್ಲ. ಸಿರಿಯಾದ ಸನ್ಯಾಸಿಗಳು ಚೀನಾಕ್ಕ ನಡಕೋತ ಹೋಗಿ, ಅಲ್ಲಿ ಕಲ್ಲಿನ ಮ್ಯಾಲ ಚೀನೀ ಅಕ್ಷರದಾಗ ತಮ್ಮ ದೇವರ ಸುದ್ದಿ ಕೆತ್ತಿಸಿದ್ರು. ನಿಮ್ಮ ಗೋಳಗುಮ್ಮಟ ಕಟ್ಟೂದಕ್ಕಿಂತ ನೂರಾರು ವರ್ಷ ಮದಲ. ಕೇರಳದಾಗ ಚರ್ಚಿನ ಮುಂದ ಎಣ್ಣಿ ದೀಪದ ಕಂಬ ನಿಂತಾವು. ಇದೆಲ್ಲಾ ಗೊತ್ತಿಲ್ಲಂದ್ರ ತಪ್ಪಲ್ಲ. ಗೊತ್ತಿಲ್ಲ ಅಂತ ಹೇಳಬೇಕು. ಇಂಗ್ಲೆಂಡ್ ಅಂತ ಹೇಳಿದ್ಯಲ್ಲಪಾ, ಅದು ತಪ್ಪು."

ಆ ಹುಡುಗ ಮರುದಿನದಿಂದ ಸಮಾಜಶಾಸ್ತ್ರಕ್ಕೆ ಹೋದ. ನಾನು ಅಲ್ಲೇ ಉಳಿದೆ. ಮುಂದೆ ಪಿಎಚ್.ಡಿ.ಗೂ ಅವರ ಕೈಕೆಳಗೇ ಸೇರಿದೆ. ಗೈಡ್ ಎಂದರೆ ನಮ್ಮ ಕಡೆ ಏನೆಂದು ಗೊತ್ತಲ್ಲ. ನನ್ನ ಗೆಳತಿಯೊಬ್ಬಳು ತನ್ನ ಗೈಡಿನ ಮನೆಗೆ ಸಂತೆ ಮಾಡಿಕೊಡುತ್ತಿದ್ದಳು. ಇನ್ನೊಬ್ಬ ತನ್ನ ಗೈಡಿನ ತೋಟದಲ್ಲಿ ಒಣದ್ರಾಕ್ಷಿಯ ಶೆಡ್ ಕಾಯುತ್ತಲೇ ಡಾಕ್ಟರೇಟ್ ಪಡೆದ. ಅವನ ಪ್ರಬಂಧಕ್ಕಿಂತ ಆ ಒಣದ್ರಾಕ್ಷಿ ಎಷ್ಟೋ ಚೆನ್ನಾಗಿತ್ತು. ಮೇಡಂ ಮನೆಯಲ್ಲಿ ನಾನು ಚಹದ ಪಾತ್ರೆಗೆ ಕೈ ಹಾಕಿದರೂ, "ಇಡು ಅದನ್ನ. ನನ್ನ ಚಾ ನಾ ಮಾಡ್ಕೋತೀನಿ. ನೀ ಜರ್ಮನ್ ಓದು" ಎನ್ನುತ್ತಿದ್ದರು. ಬಬಲೇಶ್ವರದಲ್ಲಿ ನಮ್ಮಪ್ಪನದು ಪೈಪಿನ ಅಂಗಡಿ. ಹನಿ ನೀರಾವರಿಯ ಪೈಪು ಮಾರುವವನ ಮಗಳಿಗೆ ಜರ್ಮನ್ ಯಾಕೆ ಎಂದು ಅಪ್ಪ ಕೇಳಿದರೆ ನಾನು ಮೇಡಂ ಹೇಳಿದ್ದನ್ನೇ ಹೇಳುತ್ತಿದ್ದೆ: ನಮ್ಮ ಕಡೆ ಬಂದ ಪಾದ್ರಿಗಳು ತಮ್ಮವರಿಗೆ ವರದಿ ಬರೆಯುತ್ತಿದ್ದದ್ದು ಆ ಭಾಷೆಯಲ್ಲಿ.

ಆ ವರದಿಗಳಲ್ಲಿ ಬಬಲೇಶ್ವರದ ಆಚೆಯ ಒಂದು ಹಳ್ಳಿಯ ಸುದ್ದಿ ಇತ್ತು. ಇಂದಿಗೂ ಅಲ್ಲಿ ಕ್ರೈಸ್ತರ ಒಂದು ಓಣಿ ಇದೆ, ಒಂದು ಸಣ್ಣ ಚರ್ಚಿದೆ. ಅಜ್ಜನ ಅಜ್ಜಂದಿರ ಕಾಲದ ದೊಡ್ಡ ಬರದಲ್ಲಿ ಪಾದ್ರಿ ಅಲ್ಲಿ ಅಂಬಲಿ ಕಾಯಿಸಿ ಹಾಕಿದ್ದ. ಅಂಬಲಿ ಕುಡಿದ ಕೆಲವು ಮನೆಗಳವರು ದೀಕ್ಷಾಸ್ನಾನ ಪಡೆದರು. ಮಳೆಯಾಯಿತು, ಬೆಳೆ ಬಂತು, ಅಂಬಲಿಯ ಒಲೆ ಆರಿತು. ಇನ್ನು ಇವರೆಲ್ಲ ಹೋಗಿಬಿಡುತ್ತಾರೆ ಎಂದು ಆ ಪಾದ್ರಿಯೇ ಬೇಸರದಿಂದ ಬರೆದಿದ್ದ. ಕೆಲವರು ಹೋದರು. ಹೆಚ್ಚಿನವರು ಹೋಗಲಿಲ್ಲ. ಊರು ಬಾವಿಯ ನೀರು ನಿಲ್ಲಿಸಿತು, ಆದರೂ ಹೋಗಲಿಲ್ಲ. ಪಾದ್ರಿಗೆ ಆಶ್ಚರ್ಯವಾಯಿತು. ಆಶ್ಚರ್ಯವಾಯಿತು ಎಂದು ಬರೆದನೇ ಹೊರತು, ಯಾಕೆ ಉಳಿದಿರಿ ಎಂದು ಅವರನ್ನು ಕೇಳಲಿಲ್ಲ.

ಮೇಡಂ ಇದರ ಮೇಲೆ ಒಂದು ದೀರ್ಘ ಲೇಖನ ಬರೆದರು. ಅದರ ಕೊನೆಯ ಸಾಲುಗಳು ನನಗೆ ಬಾಯಿಪಾಠ. "ಅವರು ಬಂದದ್ದು ಹಸಿವಿನಿಂದ. ಉಳಿದದ್ದು ಹಸಿವಿನಿಂದಲ್ಲ. ಯಾಕೆ ಉಳಿದರು ಎಂಬುದು ನನಗೆ ಗೊತ್ತಿಲ್ಲ." ಈ ಮೂರು ವಾಕ್ಯಗಳು ಅವರ ಮೇಲೆ ಇಷ್ಟು ಜನರನ್ನು ಏರಿಬರುವಂತೆ ಮಾಡುತ್ತವೆ ಎಂದು ನಾನಂತೂ ಎಣಿಸಿರಲಿಲ್ಲ.

ಮೊದಲು ಬಂದವನು ಪರದೇಶದ ಒಬ್ಬ ಪ್ರೊಫೆಸರು. ಖಾದಿ ಕುರ್ತಾ ತೊಟ್ಟು, ಹಳ್ಳಿಯ ಓಣಿಯ ಫೋಟೋ ಹೊಡೆದುಕೊಂಡು ಬಂದಿದ್ದ. ಅವರು ಉಳಿದದ್ದು ಜಾತಿಯ ವಿರುದ್ಧದ ಪ್ರತಿರೋಧ, ಅದು ಸ್ಪಷ್ಟವಾಗಿದೆ, ಹಾಗೆ ತಿದ್ದಿಕೊಟ್ಟರೆ ತನ್ನ ಸಂಪುಟದಲ್ಲಿ ಸೇರಿಸುತ್ತೇನೆ ಎಂದ. ಅವರು ನಿಮಗೆ ಹಾಗೆಂದು ಹೇಳಿದರೇ ಎಂದು ಮೇಡಂ ಇಂಗ್ಲಿಷಿನಲ್ಲಿ ಬಹಳ ಮೃದುವಾಗಿ ಕೇಳಿದರು. ಅವನು ನಕ್ಕ. ಮೇಡಂ ಕನ್ನಡಕ ತೆಗೆದರು. ಅವನನ್ನು ಕಳಿಸಿ ಬಂದು ನನ್ನೆದುರು ಹೇಳಿದ್ದು ಮಾತ್ರ ಅಪ್ಪಟ ಘೋಣಸಗಿಯ ಮಾತಿನಲ್ಲಿ: "ಅವತ್ತಿನ ಪಾದ್ರಿ ಆ ಮಂದಿ ಬಾಯಾಗ ದೇವರನ್ನ ತುರುಕಿದ. ಈ ಪುಣ್ಯಾತ್ಮ ಕ್ರಾಂತಿ ತುರುಕಾಕ ಬಂದಾನ. ಆ ಬಾಯಿಗೆ ಪುರಸತ್ತಿಲ್ಲ ನೋಡು."

ಮುಂದೆ ಆ ಚರ್ಚಿಗೆ ನೂರು ವರ್ಷ ತುಂಬಿ, ಸ್ಮರಣ ಸಂಚಿಕೆ ತರುವ ಉತ್ಸಾಹ ಹುಟ್ಟಿತು. ಅದರ ಕಾರ್ಯದರ್ಶಿ ದೇವದಾನಪ್ಪ ಮಾಸ್ತರರು, ನಿವೃತ್ತ ಪ್ರಾಥಮಿಕ ಶಾಲೆಯ ಶಿಕ್ಷಕರು, ಮೇಡಂ ಮನೆಗೆ ಬಂದರು. ಲೇಖನ ಬೇಕಿತ್ತು, ಅಂಬಲಿ ಬೇಡವಾಗಿತ್ತು.

"ಪವಿತ್ರಾತ್ಮ ಕರೀತು, ನಮ್ಮ ಹಿರ್ಯಾರು ಬಂದ್ರು ಅಂತ ಬರೀರಿ ಮೇಡಂ. ಅಂಬಲಿ ಮಾತ ತಗದಬಿಡ್ರಿ."

"ಪವಿತ್ರಾತ್ಮ ಕರದದ್ದಕ್ಕ ನನ್ನ ಹತ್ರ ಕಾಗದಪತ್ರ ಇಲ್ರಿ ಮಾಸ್ತರ. ಅಂಬಲಿದಕ್ಕ ಐತಿ." ಕನ್ನಡಕ ಆಗಲೇ ಸೆರಗಿನಲ್ಲಿತ್ತು.

ಮಾಸ್ತರರು ನೆಲ ನೋಡುತ್ತಾ ಹೇಳಿದರು: "ನನಗ ನೌಕರಿ ಇರೂ ಮಟ ಸಾಲ್ಯಾಗ ಅಂಬಲಿ ಮಾಸ್ತರ ಅಂತಿದ್ರಿ. ಹುಡುಗೂರಲ್ಲ, ಸಂಗತೀಲಿ ಕೆಲಸ ಮಾಡೂ ಮಾಸ್ತರಗೋಳು. ಮಧ್ಯಾಹ್ನ ಬುತ್ತಿ ಬಿಚ್ಚಿದ್ರ ಸಾಕು, ಮಾಸ್ತರ ಅಂಬಲಿ ತಂದೀರೇನು ಅನ್ನೂದು. ನೀವು ಅದನ್ನ ಅಚ್ಚು ಹಾಕಿಸಿದ್ರ ನನ್ನ ಮೊಮ್ಮಕ್ಕಳಿಗೂ ಅದ ಹೆಸರ ಉಳೀತೈತ್ರಿ."

ಮೇಡಂ ಕನ್ನಡಕ ಹಾಕಿಕೊಂಡರು. ಅವರನ್ನು ನೇರವಾಗಿ ನೋಡಿದರು. ಅಂಥದ್ದನ್ನು ನಾನು ಕಂಡದ್ದು ಅಪರೂಪ.

"ನಿಮ್ಮ ಮುತ್ತ್ಯಾ ಹಸದಿದ್ದ. ಹಸದದ್ದು ಅಪಮಾನ ಏನ್ರಿ ಮಾಸ್ತರ? ಹಸದಾವನ್ನ ನೋಡಕೋತ ಊರಿಗೆ ಊರ ಸುಮ್ಮನ ಕುಂತಿತ್ತಲ್ಲ, ಅಪಮಾನ ಅದು. ಅದನ್ನ ನೀವ ಮುಚ್ಚಿಟ್ರ ಆ ಊರ ಮಂದಿ ಬಚಾವ್ ಆಗ್ತಾರ, ನೀವಲ್ಲ."

ಮಾಸ್ತರರು ಒಪ್ಪಲಿಲ್ಲ. ಮೇಡಂ ಒಂದಕ್ಷರ ತೆಗೆಯಲೂ ಒಪ್ಪಲಿಲ್ಲ. ಕೊನೆಗೆ ಸಂಚಿಕೆ ಬಂತು. ಸೂಟು ಹಾಕಿಕೊಂಡ ದಾನಿಗಳ ಬಣ್ಣದ ಫೋಟೋಗಳು, ಮಂತ್ರಿಗಳ ಶುಭಾಶಯ, ಮುಖಪುಟದಲ್ಲಿ ಕಂಪ್ಯೂಟರಿನಲ್ಲಿ ಮಾಡಿದ ಸೂರ್ಯೋದಯ. ಇತಿಹಾಸಕ್ಕೆ ಅದರಲ್ಲಿ ಜಾಗ ಸಿಗಲಿಲ್ಲ.

ಆ ಲೇಖನದ ವಾಸನೆ ತಿಕೋಟಾದ ಅಪ್ಪಾಸಾಹೇಬರ ಮೂಗಿಗೂ ಹತ್ತಿತು. ಅಪ್ಪಾಸಾಹೇಬರು ಒಣದ್ರಾಕ್ಷಿಯ ವ್ಯಾಪಾರದಲ್ಲಿ ಗಟ್ಟಿಯಾಗಿ, ಆಮೇಲೆ ಧರ್ಮ ಉಳಿಸುವ ಕೆಲಸಕ್ಕೆ ಇಳಿದಿದ್ದರು. ದ್ರಾಕ್ಷಿಯಷ್ಟೇ ಅದರಲ್ಲೂ ಚೆನ್ನಾಗಿ ನಡೆಯುತ್ತಿತ್ತು. ಸಾಲದ್ದಕ್ಕೆ ಅವರು ಮೇಡಂ ಮನೆತನಕ್ಕೆ ಬೀಗರಾಗಬೇಕಾದವರು. ಮೇಡಂ ಅಣ್ಣ ಸಿದ್ದನಗೌಡರ ಮಗಳು ಶೈಲಾಳಿಗೆ ಅವರ ಮಗನ ಜೊತೆ ನಿಶ್ಚಯವಾಗಿತ್ತು. ಹುಡುಗ ಹುಡುಗಿ ಫೋನಿನಲ್ಲಿ ಮಾತಾಡಿಕೊಂಡು ಒಬ್ಬರಿಗೊಬ್ಬರು ಹಚ್ಚಿಕೊಂಡಿದ್ದರು.

ಅಪ್ಪಾಸಾಹೇಬರು ಶಾಲು, ಹಣ್ಣಿನ ಬುಟ್ಟಿ ಹಿಡಿದು ಬಂದರು. ಆ ದಿನ ನಾನೂ ಅಲ್ಲೇ ಇದ್ದೆ.

"ಕಾಶಕ್ಕಾ, ನೀವ ಭಾರೀ ಕೆಲಸ ಮಾಡೀರಿ. ಅಂಬಲಿ ಹಾಕಿ ಜಾತಿ ಕೆಡಿಸಿದ್ರಂತ ಪುರಾವೆ ಸಮೇತ ಬರದೀರಂತಲ್ಲ. ನಮ್ಮ ಸಭಾಕ್ಕ ಬಂದು ಅಷ್ಟ ಹೇಳ್ರಿ ಸಾಕು."

"ಅಷ್ಟ ಅಂದ್ರ ಎಷ್ಟು?"

"ಅಂಬಲೀದು."

"ಮುಂದಿಂದು? ಒಲಿ ಆರಿದ ಮ್ಯಾಲೂ ಉಳದಾರಲ್ಲ, ಬಾವಿ ನೀರ ಬಂದ್ ಮಾಡಿದ್ರೂ ಉಳದಾರಲ್ಲ, ಅದು?"

"ಅದೆಲ್ಲಾ ಮಂದಿಗೆ ತಲಿ ಕೆಡತೈತ್ರಿ. ಅದ ಬ್ಯಾಡ."

ಮೇಡಂ ಒರೆಸುತ್ತಲೇ ಕೇಳಿದರು: "ಅಪ್ಪಾಸಾಹೇಬ, ಆ ಬರದಾಗ ನಿಮ್ಮ ಮುತ್ತ್ಯಾನ ಹಗೇವು ತುಂಬಿತ್ತೋ, ಖಾಲಿ ಇತ್ತೋ?"

ಹಗೇವು ಎಂದರೆ ಜೋಳ ತುಂಬಿ ಮುಚ್ಚಿಡುವ ನೆಲಮಾಳಿಗೆ. ನಮ್ಮ ಕಡೆ ದೊಡ್ಡ ಮನೆತನ ಎಂಬ ಮಾತಿಗೆ ಅದೇ ಸಾಕ್ಷಿ. ಖಾಲಿ ಇತ್ತು ಎಂದರೆ ಅಪ್ಪಾಸಾಹೇಬರ ಮನೆತನ ಸಣ್ಣದಾಗುತ್ತದೆ. ತುಂಬಿತ್ತು ಎಂದರೆ ಮುಂದಿನ ಪ್ರಶ್ನೆ ಏನೆಂದು ಎಂಥ ದಡ್ಡನಿಗೂ ಗೊತ್ತಾಗುತ್ತದೆ. ಅವರ ಮುಖ ಕೆಂಪೇರಿತು. ಬುಟ್ಟಿ ಅಲ್ಲೇ ಬಿಟ್ಟು ಶಾಲು ಮಾತ್ರ ತೆಗೆದುಕೊಂಡು ಹೋದರು. ಅದನ್ನು ಹೊದಿಸಲು ಬೇರೆ ಯಾರಾದರೂ ಸಿಕ್ಕಿರಬೇಕು. ಶಾಲು ಹೊದಿಸಿಕೊಳ್ಳುವವರಿಗೆ ನಮ್ಮ ಜಿಲ್ಲೆಯಲ್ಲಿ ಬರ ಬಂದದ್ದೇ ಇಲ್ಲ.

ಎರಡು ವಾರ ಕಳೆಯುವುದರೊಳಗೆ ಮೇಡಂ ಕ್ರೈಸ್ತಳಾಗಿದ್ದಾಳೆ ಎಂಬ ಸುದ್ದಿ ತಿಕೋಟಾ, ಘೋಣಸಗಿ ಎಲ್ಲ ಸುತ್ತಿ ವಿಜಯಪುರಕ್ಕೆ ಬಂತು. ಪುರಾವೆ ಬೇಕೇ? ಹಣೆಯ ಮೇಲೆ ವಿಭೂತಿ ಇಲ್ಲ, ಮದುವೆ ಆಗಿಲ್ಲ, ಕಪಾಟಿನ ತುಂಬ ಶಿಲುಬೆ ಇರುವ ಪುಸ್ತಕ. ಪ್ರಿನ್ಸಿಪಾಲರು ಅವರ ಒಂದು ಉಪನ್ಯಾಸವನ್ನು "ಆಡಳಿತಾತ್ಮಕ ಕಾರಣದಿಂದ" ರದ್ದು ಮಾಡಿದರು. ಎದುರಿಗೆ ಸಿಕ್ಕಾಗ ಕಣ್ಣು ಈಗ ಹೇಗಿದೆ ಎಂದು ಕೇಳಿದರು.

ಅಪ್ಪಾಸಾಹೇಬರ ಕಡೆಯಿಂದ ಘೋಣಸಗಿಗೆ ಮಾತು ಬಂತು. ಹುಡುಗಿಯ ಸೋದರತ್ತೆ ಹಿರಿಯರ ಮುಂದೆ ವಿಭೂತಿ ಹಚ್ಚಿಕೊಂಡು ಬಂದು, ನಾನು ಜಾತಿ ಬಿಟ್ಟಿಲ್ಲ ಎಂದು ಹೇಳಲಿ. ಇಲ್ಲದಿದ್ದರೆ ಸಂಬಂಧ ಬೇಡ. ಸಿದ್ದನಗೌಡರು ತಂಗಿಯ ಮನೆಗೆ ಬಂದು, ಕುರ್ಚಿಯಲ್ಲಿ ಕೂಡದೆ, ಹೊಸ್ತಿಲ ಹತ್ತಿರ ನಿಂತೇ ಕೇಳಿದರು.

"ಕಾಶೀ, ಒಂದ ಮಾತು. ಇಲ್ಲ ಅಂತ ಅಂದಬಿಡು. ನೀ ಏನ ಆಗೀಯೋ ಬಿಟ್ಟೀಯೋ ನಾ ಕೇಳೂದಿಲ್ಲ. ಹುಡುಗಿ ಅಳಾಕತ್ತಾಳ ಬೇ."

"ಅಣ್ಣಾ, ಇಲ್ಲ ಅಂದ್ರ ಅವರಿಗೆ ಕೇಳೂ ಹಕ್ಕ ಐತಿ ಅಂತ ಒಪ್ಪಿದಂಗ. ಇವತ್ತ ನನ್ನ ಕೇಳ್ತಾರ, ನಾಳೆ ಹುಡುಗೀನ ಕೇಳ್ತಾರ. ನಾ ಬರೂದಿಲ್ಲ."

ಗೌಡರು ಹೊಸ್ತಿಲಿಂದಲೇ ತಿರುಗಿ ಹೋದರು. ಸಂಬಂಧ ಮುರಿಯಿತು. ಅಣ್ಣ ತಂಗಿಯ ಮಾತೂ ಅಲ್ಲಿಗೆ ನಿಂತಿತು.

ಮೇಡಂ ಅವರ ತಿರಸ್ಕಾರ ನನಗೆ ಅದುವರೆಗೆ ಒಂದು ಆಭರಣದ ಹಾಗೆ ಕಂಡಿತ್ತು. ನನಗೂ ಅದು ಅಂಟಿದೆ, ಈ ಬರಹ ಓದುವವರಿಗೆ ಗೊತ್ತಾಗಿರಬೇಕು. ಆ ದಿನ ಮಾತ್ರ ನನಗೆ ತಡೆಯಲಾಗಲಿಲ್ಲ.

"ಅಂಥಾ ಮನಿ ತಪ್ಪಿದ್ದ ಚಲೋ ಆತು ಬಿಡು" ಎಂದರು ಮೇಡಂ, ಯಾರೂ ಕೇಳದೇ ಇದ್ದರೂ. "ಆ ಅಪ್ಪಾಸಾಹೇಬನ ಕೂಡ ಯಾರು ಬಾಳ್ವೆ ಮಾಡ್ತಾರ."

"ಶೈಲಾ ಅಪ್ಪಾಸಾಹೇಬ್ರನ್ನ ಮದುವಿ ಆಗತಿದ್ದಿಲ್ರಿ ಮೇಡಂ. ಅವ್ರ ಮಗನ್ನ ಆಗತಿದ್ಲು" ಎಂದೆ.

ಅವರು ಎದ್ದು ಒಳಗೆ ಹೋಗಿ ಚಹಕ್ಕೆ ಇಟ್ಟರು. ಎರಡು ಕಪ್ಪು ತಂದರು. ಚಹ ಕುಡಿಯುವಾಗ ಇಬ್ಬರೂ ಇಥಿಯೋಪಿಯಾದ ಬಗ್ಗೆ ಮಾತಾಡಿದೆವು. ಬೇರೆ ಯಾವ ದೇಶವೂ ಅಷ್ಟು ದೂರ ಇರಲಿಲ್ಲ.

ಮೇಡಂ ಈಗ ಇಲ್ಲ. ನಿವೃತ್ತಿಯ ಮರುವರ್ಷ ಕೊಟ್ಟಾಯಂನಿಂದ ಕರೆ ಬಂತು. ಅಲ್ಲಿ ಹುಡುಗರಿಗೆ ಸಿರಿಯಾಕ್ ಕಲಿಸಲು ಹೋದರು. ಕೆಲವು ತಿಂಗಳಲ್ಲಿ ಅಲ್ಲೇ, ನಿದ್ದೆಯಲ್ಲಿ, ತೀರಿಹೋದರು. ಸುದ್ದಿ ತಿಳಿದು ಸಿದ್ದನಗೌಡರು ಹೋಗಿ ತಲುಪುವುದರೊಳಗೆ ಅಲ್ಲಿಯವರು ಮಣ್ಣು ಮಾಡಿ ಮುಗಿಸಿದ್ದರು. ನಮ್ಮ ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. "ಮೇಡಂ ಸರ್ವಧರ್ಮ ಸಮನ್ವಯದ ಹರಿಕಾರರು" ಎಂದು ಪ್ರಿನ್ಸಿಪಾಲರು ಚೀಟಿ ನೋಡಿ ಓದಿದರು. ಬದುಕಿದ್ದಾಗ ಅವರ ಒಂದು ಪುಟ ಓದದವರು ಆ ದಿನ ಗದ್ಗದಿತರಾದರು. ಒಬ್ಬರಂತೂ ಅವರು ಕ್ರೈಸ್ತ ಸಾಹಿತ್ಯವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಮಹಾನ್ ಅನುವಾದಕಿ ಎಂದರು. ಅವರು ಒಂದು ಸಾಲನ್ನೂ ಅನುವಾದ ಮಾಡಿದವರಲ್ಲ. ಫಲಾಹಾರವನ್ನು ಮಾತ್ರ ಯಾರೂ ತಪ್ಪಿಸಿಕೊಳ್ಳಲಿಲ್ಲ. ಸಭೆ ಮುಗಿದ ಮೇಲೆ ಮೂವರು ಬೇರೆ ಬೇರೆಯಾಗಿ ನನ್ನ ಹತ್ತಿರ ಬಂದು, "ಅಲ್ಲಿ ಹ್ಯಾಂಗ ಮಣ್ಣ ಮಾಡಿದ್ರಂತ? ಕುಂದರಿಸಿಯೋ, ಮಲಗಿಸಿಯೋ?" ಎಂದು ಕೇಳಿದರು. ಶವವನ್ನು ಕೂರಿಸಿ ಹೂಳುವುದು ನಮ್ಮಲ್ಲಿಯ ಪದ್ಧತಿ: ಕೂರಿಸಿದರೆ ನಮ್ಮವಳು, ಮಲಗಿಸಿದರೆ ಅವರವಳು. ಒಬ್ಬ ವಿದುಷಿಯ ಬಗ್ಗೆ ನಮ್ಮ ಊರಿಗೆ ಕೊನೆಗೂ ಬೇಕಾದ ಮಾಹಿತಿ ಇಷ್ಟೇ.

ನಾನು ಅವರನ್ನು ಕೊನೆಯ ಸಲ ಕಂಡದ್ದು ಕೊಟ್ಟಾಯಂಗೆ ಹೊರಡುವ ಮೊದಲು, ಶೈಲಾಳ ಮದುವೆಯಲ್ಲಿ. ಮುರಿದ ಸಂಬಂಧದ ನಂತರ ಬಹಳ ದಿನ ಯಾರೂ ಆ ಮನೆಯ ಕಡೆ ಬಂದಿರಲಿಲ್ಲ. ಕೊನೆಗೆ ಬಬಲೇಶ್ವರದಲ್ಲಿ ನಮ್ಮ ಓಣಿಯದೇ ಒಂದು ಮನೆತನ ಒಪ್ಪಿತು. ಹುಡುಗ ಬ್ಯಾಂಕಿನಲ್ಲಿದ್ದ. ನನಗೆ ವರನ ಕಡೆಯಿಂದ ಕರೆ ಇತ್ತು. ಮೇಡಂಗೆ ಯಾವ ಕಡೆಯಿಂದಲೂ ಇರಲಿಲ್ಲ. ಹಿಂದಿನ ದಿನ ಅವರೇ ಫೋನ್ ಮಾಡಿದರು.

"ನೀ ಮದುವಿಗೆ ಹೊಂಟೀಯೇನು? ನಾನೂ ಬರತೀನಿ. ವಿಜಯಪುರಕ್ಕ ಬಂದು ಕರಕೊಂಡ ಹೋಗು."

ಅಪ್ಪನ ಕಾರಿನಲ್ಲಿ ಕರೆದುಕೊಂಡು ಹೋದೆ. ಮಂಗಲ ಕಾರ್ಯಾಲಯದ ಮುಂದೆ ಕಾರು ನಿಲ್ಲಿಸಿದಾಗ ಅವರು ಇಳಿಯಲಿಲ್ಲ. ಚೀಲದಿಂದ ವಿಭೂತಿಯ ಗಟ್ಟಿ ತೆಗೆದರು. ಬಾಟಲಿಯ ನೀರಿನಲ್ಲಿ ಬೆರಳು ಅದ್ದಿ, ಗಟ್ಟಿಗೆ ತಿಕ್ಕಿ, ಕಾರಿನ ಕನ್ನಡಿ ತಮ್ಮ ಕಡೆಗೆ ತಿರುಗಿಸಿಕೊಂಡು ಹಣೆಗೆ ಎಳೆದುಕೊಂಡರು. ಮೂರು ಬೆರಳಿನ ಪಟ್ಟಿ, ದೂರದಿಂದ ಕಾಣುವಷ್ಟು ದಟ್ಟವಾಗಿ. ನಾನು ಅವರನ್ನು ನೋಡದಂತೆ ಹೊರಗೆ ನೋಡುತ್ತಾ ಕೂತೆ.

ಒಳಗೆ ಹೋದೊಡನೆ ಮಾತು ನಿಂತು, ಮತ್ತೆ ಶುರುವಾಯಿತು. ಅಪ್ಪಾಸಾಹೇಬರು ಮೊದಲ ಸಾಲಿನಲ್ಲಿದ್ದರು. ಅವರು ಜಿಲ್ಲೆಯ ಯಾವ ಮದುವೆಯನ್ನೂ ಬಿಡುವವರಲ್ಲ, ತಾವು ಬೇಡವೆಂದ ಹುಡುಗಿಯದನ್ನೂ. ಎದ್ದು ನಿಂತು ನಾಲ್ಕು ಜನಕ್ಕೆ ಕೇಳುವಂತೆ ಹೇಳಿದರು: "ನೋಡ್ರಿ, ನಾ ಹೇಳಿದ್ದಿಲ್ಲ? ಕಾಶಕ್ಕ ನಮ್ಮಾಕಿನ ಅದಾಳ. ಯಾರೋ ಸುಳ್ಳ ಸುದ್ದಿ ಹಬ್ಬಿಸಿದ್ರು."

ಮೇಡಂ ಅವರಿಗೆ ಕೈ ಮುಗಿದರು. ಹೆಂಗಸರ ಜಮಖಾನೆಯ ಮೇಲೆ ಹೋಗಿ ಕೂತು, ಅಕ್ಷತೆ ಹಾಕುವ ತನಕ ಎಲ್ಲರೂ ನೋಡುವಂತೆ ತಲೆ ಎತ್ತಿಕೊಂಡೇ ಇದ್ದರು. ಪಕ್ಕದಲ್ಲಿ ಕೂತವರ ಕಾಲುನೋವಿನ ಕಥೆ, ಸೊಸೆಯಂದಿರ ಕಥೆ ಕೇಳಿದರು. ಊಟಕ್ಕೆ ಕೂತಾಗ ಸಿದ್ದನಗೌಡರು ತಾವೇ ತುಪ್ಪದ ಗಿಂಡಿ ಹಿಡಿದು ಬಂದು ತಂಗಿಯ ಎಲೆಯ ಹೋಳಿಗೆಗೆ ಹಾಕಿದರು. ಸಾಕು ಎಂದು ಮೇಡಂ ಕೈ ಅಡ್ಡ ಹಿಡಿದರೂ ನಿಲ್ಲಿಸಲಿಲ್ಲ. ಶೈಲಾ ಗಂಡನೊಂದಿಗೆ ಬಂದು ಕಾಲಿಗೆ ಬಿದ್ದಳು. "ಬಂದ್ಯಲ್ಲ ಅತ್ತಿ" ಎಂದಳು. ದನಿಯಲ್ಲಿ ಸಂತೋಷ ಇತ್ತೋ ಮತ್ತೇನಿತ್ತೋ ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಫೋಟೋದವನು ಅವರನ್ನು ಆ ಕಡೆ ತಿರುಗಿಸಿದ.

ವಾಪಸು ಬರುವಾಗ ಬಿಸಿಲು ಜೋರಾಗಿತ್ತು. ಮೇಡಂ ಕಾರ್ಯಾಲಯದ ಅಡಿಗೆ, ಪುರೋಹಿತರ ಉಚ್ಚಾರಣೆ, ಅಪ್ಪಾಸಾಹೇಬರ ಬಂಗಾರದ ಉಂಗುರ, ಯಾವುದನ್ನೂ ಆಡಿಕೊಳ್ಳದೆ ಬಿಡುವವರಲ್ಲ. ಆ ದಿನ ಏನೂ ಹೇಳಲಿಲ್ಲ. ಊರು ಹತ್ತಿರ ಬಂದಾಗ ನಾನೇ ಕೇಳಿದೆ. ಕೇಳಬಾರದಿತ್ತೇನೋ, ಆದರೆ ಇಷ್ಟು ದಿನ ಒಳಗಿಟ್ಟುಕೊಂಡಿದ್ದೆ.

"ಮೇಡಂ, ಅವತ್ತ ಹಿಂಗ ಹಚ್ಚಿಕೊಂಡು ಹೋಗಿದ್ರ ಆ ಸಂಬಂಧ ಉಳೀತಿತ್ತಲ್ರಿ?"

ಅವರು ಕಿಟಕಿಯಿಂದ ಆಚೆ ನೋಡುತ್ತಿದ್ದರು. ಟ್ರಾಫಿಕ್ಕಿನಲ್ಲಿ ಕಾರು ನಿಂತಾಗ, ಮುಖ ತಿರುಗಿಸದೆ ಹೇಳಿದರು.

"ಉಳೀತಿತ್ತು."

ಮನೆಯ ಗೇಟಿನ ಹತ್ತಿರ ಇಳಿದರು. ಬೆವರಿಗೆ ವಿಭೂತಿ ಕರಗಿ ಹುಬ್ಬಿನವರೆಗೆ ಇಳಿದಿತ್ತು. ಅದನ್ನು ಒರೆಸಿಕೊಳ್ಳದೆ, ಬೀಗ ತೆಗೆದು ಒಳಗೆ ಹೋದರು.